ಹಳೆಯ ಟ್ರ್ಯಾಕ್ಟರಿನ ಪವರ್ ಸ್ಟೀರಿಂಗಿನಲ್ಲಿ ಉಂಟಾಗುವ ಸದ್ದು

ಹಳೆಯ ಟ್ರ್ಯಾಕ್ಟರಿನ ಸ್ಟೀರಿಂಗನ್ನು ತಿರುಗಿಸುವಾಗ ನರಳುವಂತಹ ಸದ್ದು ಕೇಳಿಬಂದರೆ, ಪಂಪು ಸವೆದುಹೋಯಿತೆಂದು ಭಾವಿಸಿ ಒಡನೆಯೇ ಹೊಸದನ್ನು ಕೊಳ್ಳುವವರುಂಟು. ಈ ವೆಚ್ಚವು ಅನೇಕ ವೇಳೆ ಅನಾವಶ್ಯಕವಾದುದು. ಎಣ್ಣೆಯೊಡನೆ ಗಾಳಿಯು ಸೇರುವುದೇ ಇದಕ್ಕೆ ಸಾಮಾನ್ಯವಾದ ಕಾರಣವು.

ಮೊದಲು ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಎಣ್ಣೆಯ ಮಟ್ಟವನ್ನು ನೋಡತಕ್ಕದ್ದು. ಕಡಿಮೆಯಿದ್ದರೆ ತಯಾರಕರು ಸೂಚಿಸಿರುವ ಎಣ್ಣೆಯನ್ನೇ ತುಂಬಬೇಕು. ನೊರೆ ಕಂಡುಬಂದರೆ ಗಾಳಿ ಹೊಕ್ಕಿದೆಯೆಂದು ತಿಳಿಯಬೇಕು. ಪಂಪಿಗೆ ಎಣ್ಣೆಯನ್ನು ಹೀರುವ ಕೊಳವೆಯು ಬಿರುಕುಬಿಟ್ಟಿದ್ದರೆ, ಎಣ್ಣೆಯು ಹೊರಕ್ಕೆ ಸೋರದಿದ್ದರೂ ಗಾಳಿಯು ಒಳಕ್ಕೆ ಸೇರುವುದು. ಆದಕಾರಣ ಆ ಕೊಳವೆಯನ್ನೂ ಅದರ ಕ್ಲಿಪ್ಪುಗಳನ್ನೂ ಪರೀಕ್ಷಿಸಿ ಸರಿಪಡಿಸತಕ್ಕದ್ದು.

ಅನಂತರ ಹಿಂದಿನ ಗಾಲಿಗಳಿಗೆ ಅಡ್ಡಕಲ್ಲುಗಳನ್ನಿಟ್ಟು, ಮುಂದಿನ ಗಾಲಿಗಳನ್ನು ಜಾಕಿನಿಂದೆತ್ತಿ, ಭದ್ರವಾದ ಆಸರೆಯನ್ನು ಕೊಡಬೇಕು. ಎಂಜಿನನ್ನು ನಡೆಸದೆ ಸ್ಟೀರಿಂಗನ್ನು ಎರಡು ಪಕ್ಕಕ್ಕೂ ಮೆಲ್ಲಗೆ ಹಲವು ಸಲ ತಿರುಗಿಸಿ, ತಗ್ಗಿದ ಎಣ್ಣೆಯನ್ನು ತುಂಬುತ್ತ ಬರಬೇಕು. ಬಳಿಕ ಎಂಜಿನನ್ನು ನಿಧಾನವಾಗಿ ನಡೆಸಿ, ಗುಳ್ಳೆಗಳು ನಿಲ್ಲುವವರೆಗೆ ಹಾಗೆಯೇ ಮಾಡತಕ್ಕದ್ದು.

ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿದಾಗ ಮಾತ್ರ ಕೇಳುವ ಸದ್ದು ದೋಷವಲ್ಲ. ಆದರೂ ಅಲ್ಲಿಯೇ ಹಿಡಿದಿಟ್ಟರೆ ಎಣ್ಣೆಯು ಕಾದು ಪಂಪು ಕೆಡುವುದು. ಎಂಜಿನು ನಡೆಯುತ್ತಿರುವಾಗ ಒತ್ತಡದ ಕೊಳವೆಯ ಸೋರಿಕೆಯನ್ನು ಬೆರಳಿನಿಂದ ಹುಡುಕಕೂಡದು. ಸೂಕ್ಷ್ಮವಾದ ಎಣ್ಣೆಯ ಧಾರೆಯು ಚರ್ಮವನ್ನು ಭೇದಿಸಿ ಒಳಹೊಗುವುದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಇಷ್ಟಾದರೂ ಸದ್ದು ನಿಲ್ಲದಿದ್ದಲ್ಲಿ ಮಾತ್ರ ಪಂಪನ್ನು ಬಿಚ್ಚಿಸತಕ್ಕದ್ದು. ಸ್ಟೀರಿಂಗು ಬಿಗಿಯಾಗಿರುವಾಗ ಟ್ರೇಲರನ್ನು ಕಟ್ಟಿ ರಸ್ತೆಗಿಳಿಯುವುದು ಪ್ರಾಣಾಪಾಯಕರವು.