ಹಿತ್ತಲ ಸೋರೆಕಾಯಿಗೆ ಬೆಲೆ ಎಷ್ಟು?

ಸಂತೆಯಲ್ಲಿ ಸೋರೆಕಾಯಿ ಕೇಳುವವರಿಲ್ಲದೆ ಬಿದ್ದಿರುವ ವಾರವೇ ನಮ್ಮ ಹಿತ್ತಲ ಚಪ್ಪರದಲ್ಲೂ ಸೋರೆಕಾಯಿ ಜೋತಾಡುತ್ತಿರುತ್ತದೆ. ಒಂದೇ ಮಳೆಗೆ ಊರೆಲ್ಲ ಬೀಜ ಊರಿರುತ್ತದೆ, ಒಂದೇ ಹದಕ್ಕೆ ಬಳ್ಳಿಗಳೆಲ್ಲ ಕಾಯಿ ಬಿಡುತ್ತವೆ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷ ಹಿರಿಯೂರಿನ ನಮ್ಮ ಮನೆಯಲ್ಲಷ್ಟೇ ಅಲ್ಲ, ಹೊಸದುರ್ಗ, ಹೊಳಲ್ಕೆರೆ ಕಡೆಯ ನೆಂಟರ ಮನೆಗಳಲ್ಲೂ ಬೇಲಿ, ತಿಪ್ಪೆ, ಸೂರು ಎಲ್ಲೆಲ್ಲೂ ಸೋರೆ, ಕುಂಬಳದ ಬಳ್ಳಿಯೇ. ಯಾರ ಮನೆಗೆ ಹೋದರೂ ಹೊರಡುವಾಗ ಚೀಲದಲ್ಲಿ ಎರಡು ಕಾಯಿ. ಮನೆಗೆ ಬಂದರೆ ನಮ್ಮವೇ ಕಾಯಿ ಮೂಲೆಯಲ್ಲಿ ಬಲಿಯುತ್ತಿರುತ್ತಿದ್ದವು.

ಹೀಗೆ ರಾಶಿ ಬಿದ್ದ ತರಕಾರಿಯನ್ನು ನಾವು ‘ಬಿಟ್ಟಿ’ ಎನ್ನುತ್ತೇವೆ. ಬಿಟ್ಟಿ ಎಂದ ಕೂಡಲೇ ಲೆಕ್ಕ ಬಿಟ್ಟುಬಿಡುತ್ತೇವೆ. ಆದರೆ ಹಿತ್ತಲ ಕಾಯಿಗೂ ಒಂದು ಬೆಲೆಯಿದೆ, ಅದು ಸಂತೆಯ ದರವಲ್ಲ. ಈ ವಾರ ನೀವು ಕೊಳ್ಳಬೇಕಿದ್ದ ಯಾವುದನ್ನು ಆ ಕಾಯಿ ಕೊಳ್ಳದಂತೆ ಮಾಡಿತೋ ಅದೇ ಅದರ ಬೆಲೆ. ಬೀನ್ಸ್ ಬದಲಿಗೆ ಸೋರೆಕಾಯಿ ಹುಳಿ ಮಾಡಿದಿರಿ, ಬೀನ್ಸಿನ ದುಡ್ಡು ಉಳಿಯಿತು. ಬೀನ್ಸೂ ತಂದು, ಸೋರೆಕಾಯಿಯನ್ನೂ ‘ಕೆಡುತ್ತದಲ್ಲ’ ಎಂದು ಬೇಯಿಸಿದಿರಿ, ಉಳಿದದ್ದು ಏನೂ ಇಲ್ಲ. ಗ್ಯಾಸು, ಎಣ್ಣೆ ಖರ್ಚಾಯಿತು ಅಷ್ಟೆ.

ಮಾರಬಹುದಲ್ಲ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ಗೊತ್ತಾದ ದಿನಗೂಲಿ 370 ರೂಪಾಯಿ. ಸುಗ್ಗಿಯ ವಾರದಲ್ಲಿ ತರಕಾರಿ ವ್ಯಾಪಾರಿ ಒಂದು ಕಾಯಿಗೆ 10 ರೂಪಾಯಿ ಕೊಟ್ಟ ಎಂದುಕೊಂಡರೂ, ಒಂದು ದಿನದ ಕೂಲಿ ಗಿಟ್ಟಲು 37 ಕಾಯಿ ಬೇಕು. ಒಂದು ಮನೆಯ ಬಳ್ಳಿ ಒಂದೇ ದಿನಕ್ಕೆ ಅಷ್ಟು ಕೊಡುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆ, ನಿಜ. ಆದರೆ ನಮ್ಮ ಜಿಲ್ಲೆಯ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಟಿಕೆಟ್ಟೂ ಉಂಟು, ಮೂಟೆಗೆ ಲಗೇಜೂ ಉಂಟು. ಸೋರೆಕಾಯಿ ಮಾರಲೆಂದೇ ಸಂತೆಗೆ ಹೋಗಬಾರದು. ಹೇಗೂ ಹೋಗುವ ದಿನ ಜೊತೆಗೆ ಒಯ್ದರೆ ಬಂದಷ್ಟು ಲಾಭ.

ಬೂದುಗುಂಬಳದ ಮಾತು ಬೇರೆ. ಅದಕ್ಕೊಂದು ವಾರವಿದೆ. ಆಯುಧಪೂಜೆಗೆ ಮುಂಚಿನ ನಾಲ್ಕೈದು ದಿನ ಹೆದ್ದಾರಿ 48ರ ಬದಿಯ ಗ್ಯಾರೇಜು, ಲಾರಿ ಆಫೀಸು, ರೈಸ್ ಮಿಲ್ಲು, ಅಂಗಡಿ ಎಲ್ಲರಿಗೂ ಕುಂಬಳಕಾಯಿ ಬೇಕು. ವಿಜಯದಶಮಿ ಕಳೆದ ಮಾರನೆಯ ದಿನ ಅದೇ ಕಾಯಿಯನ್ನು ಕೇಳುವವರಿರುವುದಿಲ್ಲ. ಕೊಳ್ಳುವವರಿಗೆ ಆ ಮಾರನೆಯ ದಿನವೇ ಹಬ್ಬ. ಅಂಗಡಿ ಬಾಗಿಲಿಗೆ ಕಟ್ಟಲು ಪ್ರತಿ ಅಮಾವಾಸ್ಯೆಗೂ ಒಂದಿಷ್ಟು ಗಿರಾಕಿ ಇರುತ್ತಾರೆ. ಬೂದುಗುಂಬಳ ಬೀಜ ಊರಿದ ನಾಲ್ಕು ತಿಂಗಳಿಗೆ ಬಲಿಯುತ್ತದೆ, ಆದ್ದರಿಂದ ಮಹಾನವಮಿಗೆ ಕಾಯಿ ಬೇಕೆಂದರೆ ಮೇ ಕೊನೆಗೆ ಗುಂಡಿ ತೋಡಿರಬೇಕು.

ಅಡುಗೆಮನೆಯಲ್ಲಿ ಮೊದಲು ನೋಡಬೇಕಾದದ್ದು ಯಾವ ಕಾಯಿ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದನ್ನು. ಹೀರೇಕಾಯಿ, ಎಳೆ ಸೋರೆಕಾಯಿ ಕಾಯುವುದಿಲ್ಲ. ಬಲಿತ ಸಿಹಿಗುಂಬಳ, ಬೂದುಗುಂಬಳ ತಿಂಗಳುಗಟ್ಟಲೆ ಕಾಯುತ್ತವೆ, ಆದರೆ ತೊಟ್ಟು ಮುರಿಯಬಾರದು, ಮೇಲಿನ ಬೂದಿ ತೊಳೆಯಬಾರದು, ಒಂದಕ್ಕೊಂದು ತಾಗದ ಹಾಗೆ ಹುಲ್ಲಿನ ಸಿಂಬೆಯ ಮೇಲೆ ಇಡಬೇಕು. ಕುಂಬಳ ಎದುರಿಗೆ ದಪ್ಪಗೆ ಕೂತಿದೆ ಎಂದು ಅದನ್ನೇ ಮೊದಲು ಕೊಯ್ಯುವ ಮನೆಗಳನ್ನು ಕಂಡಿದ್ದೇನೆ. ಅದನ್ನು ತಿಂದು ಮುಗಿಸುವ ಹೊತ್ತಿಗೆ ಸೋರೆಯೆಲ್ಲ ಬೆಂಡಾಗಿರುತ್ತದೆ.

ಸೋರೆಕಾಯಿಯಲ್ಲಿ ನೂರಕ್ಕೆ 96 ಪಾಲು ನೀರು. ಹಣದ ಲೆಕ್ಕಕ್ಕೆ ಇದು ಬಹಳ ಮುಖ್ಯ. ಒಂದು ಕಿಲೋ ಕಾಯಿ ಒಣಗಿಸಿದರೆ ಉಳಿಯುವುದು ಒಂದು ಹಿಡಿ. ಹೊಟ್ಟೆ ತುಂಬಿಸುವ ಶಕ್ತಿ ಅದಕ್ಕಿಲ್ಲ, ಬೇಳೆಯ ಜಾಗ ಅದು ತುಂಬುವುದಿಲ್ಲ. ಆದರೆ ನೀರು ಬೇಕಾದ ಕಡೆಯಲ್ಲೆಲ್ಲ ಅದು ರುಚಿಯ ನೀರಾಗುತ್ತದೆ. ಅಕ್ಕಿಹಿಟ್ಟಿಗೆ ಸೋರೆಕಾಯಿ ತುರಿ, ಉಪ್ಪು, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಕಾಯಿ ತಾನೇ ನೀರು ಬಿಟ್ಟು ಹಿಟ್ಟು ಹದವಾಗುತ್ತದೆ. ಆ ರೊಟ್ಟಿ ಮಧ್ಯಾಹ್ನದ ಬುತ್ತಿಗೂ ಮೆತ್ತಗೇ ಇರುತ್ತದೆ, ಜೊತೆಗೆ ಪಲ್ಯ ಬೇಡ. ದೋಸೆಗೆ ಅಕ್ಕಿ ರುಬ್ಬುವಾಗ ತಿರುಳು, ಎಳೆಬೀಜ ಸಮೇತ ಹೋಳುಗಳನ್ನು ಹಾಕಿದರೆ ಉದ್ದಿನಬೇಳೆಯೇ ಬೇಡ. ಬೇಳೆಯ ದುಡ್ಡು ಉಳಿಯುವುದು ಇಲ್ಲಿ. ಮುದ್ದೆಗೆ ಅವರೆಕಾಳು, ಸೋರೆಕಾಯಿ ಹಾಕಿದ ಸಾರಿದ್ದರೆ ನಮ್ಮ ಮನೆಯಲ್ಲಿ ಬೇರೇನೂ ಕೇಳುವುದಿಲ್ಲ. ಹುಳಿ ಬಂದ ಮೊಸರನ್ನು ಚೆಲ್ಲುವ ಬದಲು ಬೂದುಗುಂಬಳದ ಮಜ್ಜಿಗೆಹುಳಿ ಮಾಡಿದರೆ ಎರಡು ನಷ್ಟ ಒಟ್ಟಿಗೆ ತಪ್ಪುತ್ತವೆ.

ಎಳೆಕಾಯಿಯ ಸಿಪ್ಪೆಯನ್ನು ತಿಪ್ಪೆಗೆ ಹಾಕಬೇಡಿ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಸಿದ ಶೇಂಗಾ ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಇದೆ. ಒಂದು ಹಿಡಿ ಶೇಂಗಾ ಹುರಿದು, ಸಿಪ್ಪೆ, ಒಣಮೆಣಸಿನಕಾಯಿ ಬಾಡಿಸಿ, ಹುಣಸೆಹಣ್ಣು, ಉಪ್ಪು ಇಟ್ಟು ರುಬ್ಬಿದರೆ ತೆಂಗಿನಕಾಯಿ ಇಲ್ಲದ ಚಟ್ನಿ. ತೆಂಗಿನ ತೋಟಗಳಿರುವ ಹೊಸದುರ್ಗದಲ್ಲೂ ಈಗ ಒಂದು ಕಾಯಿ ಒಡೆಯಲು ಯೋಚಿಸುತ್ತಾರೆ. ಕುಂಬಳದ ಗಂಡು ಹೂವು ಬಜ್ಜಿಗೆ, ಬಳ್ಳಿಯ ಕುಡಿ ಪಲ್ಯಕ್ಕೆ. ಸಿಹಿಗುಂಬಳದ ಬೀಜವನ್ನು ಪ್ಯಾಕೆಟ್ಟಿನ ದರ ನೋಡಿ ಒಣಗಿಸಿಡುವವರಿದ್ದಾರೆ. ಒಣಗಿಸಿ, ಆದರೆ ಸುಲಿಯುವ ಕೆಲಸ ದೊಡ್ಡದು. ಟಿವಿ ನೋಡುತ್ತಾ ಸುಲಿಯುವವರ ಮನೆಗೆ ಸರಿ.

ಹಲ್ವಾ ವಿಷಯ ಹೇಳಲೇಬೇಕು. ಕಾಯಿ ಹೆಚ್ಚಾದಾಗ ಎಲ್ಲರೂ ಮೊದಲು ಹೇಳುವುದು ‘ಕಾಶಿ ಹಲ್ವಾ ಮಾಡ್ರಿ’ ಎಂದು. ಒಂದು ಕಿಲೋ ಬೂದುಗುಂಬಳದ ತುರಿಗೆ ಸುಮಾರು ಅರ್ಧ ಕಿಲೋ ಸಕ್ಕರೆ, ಕಾಲು ಕಿಲೋಗೆ ಹತ್ತಿರ ತುಪ್ಪ, ಒಂದು ಹಿಡಿ ಗೋಡಂಬಿ ಬೇಕು. ನಂದಿನಿ ತುಪ್ಪ ಕಿಲೋಗೆ 600 ರೂಪಾಯಿ ದಾಟಿರುವ ಕಾಲದಲ್ಲಿ ತುಪ್ಪಕ್ಕೇ 100 ರೂಪಾಯಿಯ ಮೇಲಾಯಿತು. 30 ರೂಪಾಯಿಯ ಕಾಯಿ ಉಳಿಸಲು 150ಕ್ಕೂ ಹೆಚ್ಚು ಖರ್ಚು ಮಾಡಿದರೆ ಅದು ಉಳಿತಾಯವಲ್ಲ. ಹೇಗೂ ಸಿಹಿ ಮಾಡಬೇಕಾದ ಹಬ್ಬದ ದಿನ, ಬೇಕರಿಯಿಂದ ತರುವ ಬದಲು ಮಾಡಿದರೆ ಅದೇ ಹಲ್ವಾ ಲಾಭದ್ದು. ಸಿಹಿಗುಂಬಳದ ಗಾರಿಗೆಗೆ ಬೆಲ್ಲ, ಗೋಧಿಹಿಟ್ಟು, ಕರಿಯಲು ಎಣ್ಣೆ ಸಾಕು. ನಾಲ್ಕು ದಿನ ಇರುತ್ತದೆ, ಶಾಲೆಯಿಂದ ಬಂದ ಮಕ್ಕಳಿಗೆ ಬಿಸ್ಕತ್ತಿನ ಖರ್ಚು ತಪ್ಪುತ್ತದೆ.

ಸಂಡಿಗೆಯನ್ನು ಅಕ್ಟೋಬರಿನಲ್ಲಿ ಮಾಡಹೊರಟರೆ ಬೂಸಲು ಹಿಡಿಯುತ್ತದೆ. ನಮ್ಮಲ್ಲಿ ಆಗ ಮಳೆಯ ಕಾಲ, ಆಮೇಲೆ ಇಬ್ಬನಿ. ಬೂದುಗುಂಬಳವನ್ನು ಸಿಂಬೆಯ ಮೇಲೆ ಕೂರಿಸಿ ಶಿವರಾತ್ರಿಯವರೆಗೆ ಬಿಡಿ. ಬಿಸಿಲು ಬಲಿತ ಮೇಲೆ ತುರಿದು, ಹಸಿಮೆಣಸಿನಕಾಯಿ, ಇಂಗು, ಉಪ್ಪು ರುಬ್ಬಿ ಸೇರಿಸಿ, ನೆನೆಸಿ ಹಿಂಡಿದ ಭತ್ತದ ಅರಳಿಗೆ ಕಲಸಿ ಇಟ್ಟರೆ ಚಿತ್ರದುರ್ಗದ ಬಿಸಿಲು ಎರಡು ಮೂರು ದಿನಕ್ಕೆ ಗರಿಗರಿ ಒಣಗಿಸಿಕೊಡುತ್ತದೆ. ಅಂಗಡಿಯ ಅರಳು ಸಂಡಿಗೆಯ ದರ ಒಮ್ಮೆ ವಿಚಾರಿಸಿ ನೋಡಿ. ಕಾಯಿ, ಬಿಸಿಲು, ಕೈ ಮೂರೂ ಮನೆಯವೇ ಆಗಿರುವುದರಿಂದ ಇಡೀ ವರ್ಷದಲ್ಲಿ ಕುಂಬಳದಿಂದ ನನಗೆ ಹೆಚ್ಚು ಹಣ ಉಳಿಸಿಕೊಟ್ಟಿರುವುದು ಇದೇ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಸೋರೆಕಾಯಿ ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ಮುಟ್ಟಿಸಿ. ಕಹಿಯಿದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷ, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ಜೀವ ಹೋದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದಕ್ಕಾಗಿಯೇ ತಜ್ಞರ ಸಮಿತಿ ರಚಿಸಿತ್ತು. ದನಕ್ಕೂ ಹಾಕಬೇಡಿ. ಕಹಿಯಿಲ್ಲದ ಬಲಿತ ಕಾಯಿಯನ್ನು ಸಣ್ಣಗೆ ಹೆಚ್ಚಿ ದನಕ್ಕೆ ಕೊಡಬಹುದು, ಆದರೆ ನೀರೇ ಹೆಚ್ಚಾದ್ದರಿಂದ ಹಿಂಡಿ ಕಡಿಮೆ ಮಾಡಬಾರದು.

ಉಳಿದದ್ದನ್ನು ಹಂಚಿ. ಆದರೆ ಬಳ್ಳಿಯಿರುವ ಮನೆಗಲ್ಲ, ಹಿತ್ತಲಿಲ್ಲದ ಮನೆಗೆ. ನಮ್ಮ ಬೀದಿಯ ಬಾಡಿಗೆ ಮನೆಯ ಹೆಣ್ಣುಮಗಳಿಗೆ ‘ಎಳೇದೈತೆ ತಗಂಡೋಗವ್ವ’ ಎಂದು ಕೊಟ್ಟ ಕಾಯಿ ನಿಜವಾಗಿ ಅವಳ ಸಂತೆಯ ಖರ್ಚನ್ನು ಇಳಿಸುತ್ತದೆ. ಅದೇ ಕಾಯಿ ಚಪ್ಪರವಿರುವ ಅಕ್ಕನ ಮನೆಗೆ ಹೋದರೆ ಬೆಲೆ ಸೊನ್ನೆ. ಉಗುರು ಊರುವಷ್ಟು ಎಳೆಯದಿದ್ದಾಗಲೇ ಕಿತ್ತು ಕೊಡಿ. ಕೀಳದೆ ಬಿಟ್ಟರೆ ಬಳ್ಳಿ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ.

ಬೀಜಕ್ಕೆಂದು ಒಳ್ಳೆಯ ಆಕಾರದ, ಕಹಿಯಿಲ್ಲದ ಬಳ್ಳಿಯ ಒಂದು ಕಾಯಿಯನ್ನು ಮಾತ್ರ ಬಿಡಿ. ಅದು ಒಣಗಿ ಬುರುಡೆಯಾಗಿ, ಅಲ್ಲಾಡಿಸಿದರೆ ಬೀಜ ಸದ್ದು ಮಾಡಬೇಕು. ಮುಂದಿನ ಮುಂಗಾರಿಗೆ ನಾನು ಸೋರೆಗೆ ಒಂದೇ ಗುಂಡಿ ಇಡುತ್ತೇನೆ, ನಾಲ್ಕು ಜನರ ಮನೆಗೆ ಒಂದು ಬಳ್ಳಿ ಧಾರಾಳ. ಉಳಿದ ಗುಂಡಿಗಳೆಲ್ಲ ಬೂದುಗುಂಬಳಕ್ಕೆ. ಒಂದೆರಡು ಕಾಯಿ ಆಯುಧಪೂಜೆಯ ವಾರ ಮಾರಾಟಕ್ಕೆ, ಮಿಕ್ಕವು ಶಿವರಾತ್ರಿಯ ಸಂಡಿಗೆಗೆ.