ಹೆಡ್‌ಲೈಟ್ ಒಳಗಿರುವ ಪಿಯುಸಿ ಪಾಠಗಳು



ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ವಾಹನಗಳ ದೀಪ ಮತ್ತು ಅದನ್ನು ನಡೆಸುವ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮಾಡುವುದು ನನ್ನ ಉದ್ಯೋಗ. "ಇದೂ ಒಂದು ಕೆಲಸವೇ? ಬಲ್ಬ್ ಹಾಕಿದರೆ ಉರಿಯುತ್ತದಲ್ಲ!" ಎಂದು ಕೇಳುವವರು ಬಹಳ. ಈ ಕೆಲಸದಲ್ಲಿ ನಾನು ದಿನವೂ ಬಳಸುವ ಲೆಕ್ಕಗಳಲ್ಲಿ ಹೆಚ್ಚಿನವು ನಿಮ್ಮ ಪಿಯುಸಿ ಪುಸ್ತಕದಲ್ಲೇ ಇವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ವಿವರಿಸುತ್ತೇನೆ.

1. ಬೆಳಕು ಎಲ್ಲಿ ಬೀಳಬೇಕು?

ಪರವಲಯ ಆಕಾರದ ದರ್ಪಣದ ಸಂಗಮಬಿಂದುವಿನಲ್ಲಿ ದೀಪವಿಟ್ಟರೆ ಬೆಳಕು ಸಮಾನಾಂತರವಾಗಿ ಹೊರಡುತ್ತದೆ. ಗಣಿತದಲ್ಲಿ ನೀವು ಬಿಡಿಸುವ y² = 4ax ಇದೇ. ಹಳೆಯ ಎಚ್4 ಹ್ಯಾಲೋಜನ್ ಬಲ್ಬಿನಲ್ಲಿ ಎರಡು ತಂತುಗಳಿವೆ. ಹೈ ಬೀಮ್ ತಂತು ಸಂಗಮಬಿಂದುವಿನಲ್ಲಿರುತ್ತದೆ. ಲೋ ಬೀಮ್ ತಂತು ಅದಕ್ಕಿಂತ ಸ್ವಲ್ಪ ಮುಂದಿದ್ದು, ಅದರ ಕೆಳಗೆ ಒಂದು ಪುಟ್ಟ ಲೋಹದ ತಟ್ಟೆ ಇರುತ್ತದೆ. ಹಾಗಾಗಿ ಬೆಳಕು ದರ್ಪಣದ ಮೇಲಿನ ಅರ್ಧಕ್ಕೆ ಮಾತ್ರ ಬಡಿದು ರಸ್ತೆಯ ಕಡೆಗೆ ಬಾಗುತ್ತದೆ. ನಾವು ಎಡಗಡೆ ಓಡಿಸುವವರಾದ್ದರಿಂದ ಕಾರಿನ ಲೋ ಬೀಮ್‌ನ ಬೆಳಕಿನ ಗಡಿ ಎಡಕ್ಕೆ ಸ್ವಲ್ಪ ಏರಿರುತ್ತದೆ. ರಸ್ತೆ ಬದಿಯ ಪಾದಚಾರಿ ಕಾಣಬೇಕು, ಎದುರಿನವನ ಕಣ್ಣು ಕುಕ್ಕಬಾರದು.

ಲೋ ಬೀಮ್ ನೂರಕ್ಕೆ ಒಂದರಂತೆ ಕೆಳಗೆ ಬಾಗಿದೆ, ದೀಪ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಬೆಳಕಿನ ಗಡಿ 75 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಈಗ ಗಾಡಿಯ ವೇಗ ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ 16.7 ಮೀಟರ್. ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಬೇಕಾದರೆ ಅಷ್ಟರಲ್ಲಿ 25 ಮೀಟರ್ ಹೋಯಿತು. ಮಂದನ 5 ಮೀ/ಸೆ² ಆದರೆ v²/2a ಪ್ರಕಾರ ಇನ್ನೂ 28 ಮೀಟರ್ ಬೇಕು. ಒಟ್ಟು 53 ಮೀಟರ್, ಬೆಳಕಿನೊಳಗೇ ನಿಲ್ಲಬಹುದು. ಅದೇ 80 ಕಿ.ಮೀ. ವೇಗದಲ್ಲಿ 33 ಮತ್ತು 49 ಸೇರಿ ಸುಮಾರು 83 ಮೀಟರ್. ಅಂದರೆ ರಸ್ತೆಯಲ್ಲಿ ಎಮ್ಮೆ ಮಲಗಿರುವುದು ಕಂಡ ಮೇಲೆ ಬ್ರೇಕ್ ಹಾಕಿದರೂ ಅದಕ್ಕೆ ಗುದ್ದಿಯೇ ನಿಲ್ಲುತ್ತೀರಿ. ರಾಗಿಗುಡ್ಡದಿಂದ ಭದ್ರಾವತಿಗೆ ರಾತ್ರಿ ಬೈಕಿನಲ್ಲಿ ಹೊರಡುವವರು ಈ ಒಂದು ಲೆಕ್ಕವನ್ನು ನೆನಪಿಟ್ಟರೂ ಸಾಕು.

2. ಹನ್ನೆರಡು ವೋಲ್ಟ್ ಎಂದರೆ ಹನ್ನೆರಡಲ್ಲ

ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಕೊಡುವ ರಂಜಕದ ಲೇಪ. ಈ ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. 55 ವ್ಯಾಟ್‌ನ ಹ್ಯಾಲೋಜನ್ ಲೋ ಬೀಮ್ ಸುಮಾರು 1000 ಲ್ಯೂಮೆನ್ ಬೆಳಕು ಕೊಡುತ್ತದೆ. ಎಲ್‌ಇಡಿ ಅಷ್ಟೇ ಬೆಳಕನ್ನು ಹತ್ತಾರು ವ್ಯಾಟ್‌ನಲ್ಲೇ ಕೊಟ್ಟೀತು. ಆದರೆ ಅದನ್ನು ಬ್ಯಾಟರಿಗೆ ನೇರವಾಗಿ ಜೋಡಿಸುವಂತಿಲ್ಲ.

ತಲಾ 3 ವೋಲ್ಟ್‌ನ ಮೂರು ಎಲ್‌ಇಡಿಗಳನ್ನು ಸರಣಿಯಲ್ಲಿಟ್ಟು 10 ಓಮ್ ರೋಧಕ ಸೇರಿಸಿದರೆ, 12 ವೋಲ್ಟ್‌ಗೆ (12 − 9)/10 = 0.3 ಆಂಪಿಯರ್ ಹರಿಯುತ್ತದೆ. ಇಂಜಿನ್ ಓಡುವಾಗ ಬ್ಯಾಟರಿಯ ವೋಲ್ಟೇಜ್ 14.4ಕ್ಕೆ ಏರುತ್ತದೆ. ಆಗ (14.4 − 9)/10 = 0.54 ಆಂಪಿಯರ್. ವೋಲ್ಟೇಜ್ ಏರಿದ್ದು ಶೇ. 20, ಪ್ರವಾಹ ಏರಿದ್ದು ಶೇ. 80! ಸೆಲ್ಫ್ ಒತ್ತಿದ ಕ್ಷಣ ವೋಲ್ಟೇಜ್ 9ಕ್ಕಿಂತ ಕೆಳಗಿಳಿದರೆ ದೀಪ ಆರಿಯೇ ಹೋಗುತ್ತದೆ. ಆದ್ದರಿಂದ ಬ್ಯಾಟರಿ ಎಷ್ಟೇ ಏರಿಳಿದರೂ ಪ್ರವಾಹವನ್ನು ಒಂದೇ ಸಮ ಇಡುವ ಡ್ರೈವರ್ ಸರ್ಕ್ಯೂಟ್ ಬೇಕು. ನನ್ನ ಕೆಲಸದ ಹೃದಯಭಾಗ ಇದೇ.

3. ಬಿಸಿಗೂ ಓಮ್‌ನ ನಿಯಮ

ಎಲ್‌ಇಡಿ ತಣ್ಣಗಿರುತ್ತದೆ ಎಂಬುದು ಅರ್ಧ ಸತ್ಯ. ಅದರ ಬೆಳಕು ತಂಪಾಗಿರಬಹುದು, ಒಳಗಿನ ಅರೆವಾಹಕ ಸಂಧಿ ಕಾಯುತ್ತದೆ. ಇಲ್ಲಿ ಶಾಖವನ್ನು ಪ್ರವಾಹದಂತೆ, ತಾಪವ್ಯತ್ಯಾಸವನ್ನು ವೋಲ್ಟೇಜ್‌ನಂತೆ ಎಣಿಸುತ್ತೇವೆ. 10 ವ್ಯಾಟ್ ಶಾಖ, ಹೊರಹೋಗುವ ದಾರಿಯ ರೋಧ ವ್ಯಾಟ್‌ಗೆ 6 ಡಿಗ್ರಿ. ಗುಣಿಸಿದರೆ 60 ಡಿಗ್ರಿ. ಬೇಸಿಗೆಯಲ್ಲಿ ಇಂಜಿನ್ ಪಕ್ಕದ ದೀಪದೊಳಗೆ ಮೊದಲೇ 70 ಡಿಗ್ರಿ ಇದ್ದರೆ ಸಂಧಿ 130 ಮುಟ್ಟಿತು. ಅನೇಕ ಎಲ್‌ಇಡಿಗಳ ಮಿತಿ 150ರ ಆಸುಪಾಸು. ಹೀಗಾಗಿ ದೀಪದ ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳು ಇರುತ್ತವೆ. ಅವು ಅಂದಕ್ಕಲ್ಲ, ಆಯುಷ್ಯಕ್ಕೆ.

4. ದೀಪ ಹಾಕಿದರೆ ರೇಡಿಯೋ ಗೊರಗೊರ

ಡ್ರೈವರ್ ಸರ್ಕ್ಯೂಟ್ ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತದೆ. ಅದು 225 ಕಿಲೋಹರ್ಟ್ಸ್‌ನಲ್ಲಿ ನಡೆದರೆ ಮೂರನೆಯ ಸಂಗತ ಆವರ್ತನ 675. ನಮ್ಮ ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗದ ಆವರ್ತನವೂ 675! ಕಾರಿನ ದೀಪ ಹಾಕಿದೊಡನೆ ವಾರ್ತೆಯ ಮಧ್ಯೆ ಗೊರಗೊರ ಕೇಳಿದರೆ ಯಾರು ಒಪ್ಪುತ್ತಾರೆ? ಅದಕ್ಕಾಗಿ ಆವರ್ತನವನ್ನು ಯೋಚಿಸಿ ಆರಿಸಬೇಕು, ಫಿಲ್ಟರ್ ಹಾಕಬೇಕು, ವಿದ್ಯುತ್ಕಾಂತೀಯ ಪರೀಕ್ಷೆಯಲ್ಲಿ ಪಾಸಾಗಬೇಕು. ಜೊತೆಗೆ ನೀರು, ಧೂಳು, ಕಂಪನ, ಉಪ್ಪುನೀರಿನ ಪರೀಕ್ಷೆಗಳಿವೆ. ಕತ್ತಲ ಕೋಣೆಯಲ್ಲಿ 25 ಮೀಟರ್ ದೂರದ ಲೆಕ್ಕಕ್ಕೆ ಬೆಳಕನ್ನು ಬಿಂದು ಬಿಂದುವಾಗಿ ಅಳೆಯುವುದಿದೆ. ಪುಣೆಯ ಎಆರ್‌ಎಐನಂತಹ ಮಾನ್ಯತೆ ಪಡೆದ ಸಂಸ್ಥೆಗಳ ಒಪ್ಪಿಗೆ ಸಿಕ್ಕ ಮೇಲೆಯೇ ದೀಪ ರಸ್ತೆಗಿಳಿಯುತ್ತದೆ.

ಈಗ ಒಂದು ಎಚ್ಚರಿಕೆ. ಹ್ಯಾಲೋಜನ್‌ಗಾಗಿ ಮಾಡಿದ ದರ್ಪಣಕ್ಕೆ ಅಂಗಡಿಯಿಂದ ತಂದ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕಿನ ಮೂಲ ಸಂಗಮಬಿಂದುವಿನ ಲೆಕ್ಕಕ್ಕೆ ಹೊಂದದೆ ಹೋಗಬಹುದು. ಆಗ ಬೆಳಕು ಹೆಚ್ಚಿದಂತೆ ನಿಮಗನಿಸುತ್ತದೆ, ಎದುರಿನವನಿಗೆ ರಸ್ತೆಯೇ ಕಾಣುವುದಿಲ್ಲ. ನಿಮ್ಮ ದೀಪದ ಮೇಲೆ ನಿಮ್ಮ ಪ್ರಾಣದಷ್ಟೇ ಅವನ ಪ್ರಾಣವೂ ನಿಂತಿದೆ.

ಈ ಕೆಲಸಕ್ಕೆ ದಾರಿ ಯಾವುದು?

ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿ ಸಿಇಟಿ ಮೂಲಕ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಬಿ.ಇ. ಸೇರುವುದು ಒಂದು ದಾರಿ. ನಮ್ಮ ಊರಲ್ಲೇ 1980ರಲ್ಲಿ ಆರಂಭವಾದ ಜೆಎನ್‌ಎನ್ ಇಂಜಿನಿಯರಿಂಗ್ ಕಾಲೇಜಿದೆ. ಮನೆಯ ಪರಿಸ್ಥಿತಿ ಬಿಗಿಯಾಗಿದ್ದರೆ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ, ಮುಂದೆ ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ನಿಮ್ಮ ತಮ್ಮ ತಂಗಿಯರಿಗೂ ಇದನ್ನು ತಿಳಿಸಿ. ಎಸ್ಸೆಸ್ಸೆಲ್ಸಿ ಆದವರಿಗೂ ಈ ಬಾಗಿಲು ತೆರೆದಿದೆ. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲವೆಂದು ಅಳುತ್ತಾ ಎಲೆಕ್ಟ್ರಿಕಲ್ ಸೇರುವವರನ್ನು ನೋಡಿದ್ದೇನೆ. ಅಳಬೇಕಾಗಿಲ್ಲ. ಇಂದಿನ ಕಾರಿನಲ್ಲಿ ದೀಪಕ್ಕೂ ಮೈಕ್ರೋಕಂಟ್ರೋಲರ್ ಇದೆ, ಅದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಬೇಕು, ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಎಂಬ ಜಾಲದ ಮೂಲಕ ಅದು ಇತರ ಘಟಕಗಳೊಡನೆ ಮಾತಾಡಬೇಕು. ಸರ್ಕ್ಯೂಟ್ ಮತ್ತು ಸಾಫ್ಟ್‌ವೇರ್ ಎರಡೂ ಬಲ್ಲವರಿಗೆ ಬೆಂಗಳೂರು, ಬಿಡದಿ, ನರಸಾಪುರ, ಹೊಸೂರು ಕಡೆ ವಾಹನ ಉದ್ಯಮವೇ ಇದೆ.

ಮೊದಲ ವರ್ಷಗಳಲ್ಲಿ ಸಂಬಳ ಸಾಫ್ಟ್‌ವೇರ್‌ನವರಷ್ಟು ಇರದಿರಬಹುದು. ಬೆಸುಗೆ ಹಾಕಿ ಕೈ ಸುಡುತ್ತದೆ, ಒಂದೇ ಪರೀಕ್ಷೆ ಹತ್ತು ಸಲ ಮಾಡಬೇಕಾಗುತ್ತದೆ. ಕಲಿತ ಕೆಲಸ ಮಾತ್ರ ಕೈಬಿಡುವುದಿಲ್ಲ.

ನೀವೇ ಮಾಡಿ ನೋಡಿ

ಸಂಜೆ ಸಮತಟ್ಟಾದ ಜಾಗದಲ್ಲಿ ಮನೆಯ ಬೈಕನ್ನು ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ದೀಪದ ಮಧ್ಯಭಾಗದ ಎತ್ತರ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಒಬ್ಬರು ಬೈಕಿನ ಮೇಲೆ ಕೂತು ಲೋ ಬೀಮ್ ಹಾಕಲಿ. ಬೆಳಕಿನ ಮೇಲಂಚು ಕೆಳಗಿನ ಗೆರೆಯ ಹತ್ತಿರ ಇರಬೇಕು. ಈಗ ಹಿಂದೆ ಇನ್ನೊಬ್ಬರನ್ನು ಕೂರಿಸಿ, ಅಂಚು ಎಷ್ಟು ಏರಿತು ಅಳೆಯಿರಿ. ಏರಿದ್ದನ್ನು 10 ಮೀಟರ್‌ನಿಂದ ಭಾಗಿಸಿದರೆ ಕೋನದ ಟ್ಯಾನ್ ಸಿಗುತ್ತದೆ. ಅದು ಒಂದು ಡಿಗ್ರಿಯಾದರೂ ಸಾಕು, 50 ಮೀಟರ್ ದೂರದಲ್ಲಿ ಬೆಳಕು ದೀಪಕ್ಕಿಂತ ಸುಮಾರು 37 ಸೆಂಟಿಮೀಟರ್ ಮೇಲೆ, ಎದುರಿನ ಕಾರು ಚಾಲಕನ ಕಣ್ಣಿನ ಮಟ್ಟಕ್ಕೆ ಹೋಗುತ್ತದೆ. ನಿಮ್ಮ ಅಳತೆಗಳನ್ನು ಬರೆದು ಭೌತಶಾಸ್ತ್ರ ಉಪನ್ಯಾಸಕರಿಗೆ ತೋರಿಸಿ. ದೀಪ ಮೇಲಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ ಸ್ಕ್ರೂ ತಿರುಗಿಸಿ ಸರಿ ಮಾಡಿಸಿ.