ಸ್ಟೀಮ್ ಡೆಕ್‌ಗೆ ಹೊಸ ಎಸ್‌ಎಸ್‌ಡಿ: ಬಿಚ್ಚುವ ಮೊದಲೇ ಅರ್ಧ ಕೆಲಸ

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಸಾಧನವಾದ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಅಗ್ಗದ ಮಾದರಿಯಲ್ಲಿ ಇದ್ದದ್ದು 64 ಜಿಬಿ ಜಾಗ. 'ಬಾಲ್ಡರ್ಸ್ ಗೇಟ್ 3' ಆಟವೊಂದೇ 150 ಜಿಬಿ ಕೇಳುತ್ತದೆ. ಆಟಗಳನ್ನು ಮೆಮೊರಿ ಕಾರ್ಡ್‌ಗೆ ಹಾಕಿದರೂ ತೊಂದರೆ ಪೂರ್ತಿ ತಪ್ಪದು. ಗ್ರಾಫಿಕ್ಸ್ ಸರಾಗವಾಗಿ ಓಡಲು ಬೇಕಾದ ಶೇಡರ್ ಕ್ಯಾಶ್, ವಿಂಡೋಸ್ ಆಟಗಳಿಗೆ ಬೇಕಾದ ಹೊಂದಾಣಿಕೆಯ ಕಡತಗಳು ಒಳಗಿನ ಡ್ರೈವ್‌ನಲ್ಲೇ ಕೂರುತ್ತವೆ. ಕಾರ್ಡ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ ಡೆಕ್ 'ಜಾಗವಿಲ್ಲ' ಎನ್ನುವುದು ಇದೇ ಕಾರಣಕ್ಕೆ.

ಒಳಗಿನ ಎಸ್‌ಎಸ್‌ಡಿ ಬದಲಿಸುವುದು ಇದಕ್ಕೆ ಪರಿಹಾರ. ಸ್ಕ್ರೂ ಬಿಚ್ಚಿ ಹಾಕುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಡ. ನಷ್ಟವಾಗುವುದು ಬಹುತೇಕ ಬಿಚ್ಚುವ ಮೊದಲು ಮಾಡಬೇಕಾದ್ದನ್ನು ಬಿಟ್ಟವರಿಗೆ.

ಯಾವ ಎಸ್‌ಎಸ್‌ಡಿ ಕೊಳ್ಳಬೇಕು?

ಅಂಗಡಿಯಲ್ಲಿ ಕೇಳಬೇಕಾದ್ದು 'ಎಂ.2 2230 ಎನ್‌ವಿಎಂಇ'. 2230 ಎಂದರೆ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ. ಲ್ಯಾಪ್‌ಟಾಪ್‌ಗಳಿಗೆಂದು ಸಾಮಾನ್ಯವಾಗಿ ಸಿಗುವುದು 80 ಮಿ.ಮೀ. ಉದ್ದದ 2280, ಅದು ಇಲ್ಲಿ ಹಿಡಿಸುವುದಿಲ್ಲ. 42 ಮಿ.ಮೀ. ಉದ್ದದ 2242 ಡ್ರೈವನ್ನು ಕೆಲವರು ಒಳಗಿನ ಭಾಗಗಳನ್ನು ಸರಿಸಿ ಕೂರಿಸಿದ್ದುಂಟು. ಹಾಗೆ ಮಾಡಬೇಡಿ ಎಂದು ವಾಲ್ವ್‌ನ ವಿನ್ಯಾಸಕ ಲಾರೆನ್ಸ್ ಯಾಂಗ್ 2022ರ ಜೂನ್‌ನಲ್ಲೇ ಎಚ್ಚರಿಸಿದ್ದರು. ಪಕ್ಕದಲ್ಲಿರುವ ಚಾರ್ಜಿಂಗ್ ಚಿಪ್ ತುಂಬಾ ಕಾಯುತ್ತದೆ; ಅದರ ಶಾಖ ಹೀರುವ ಪ್ಯಾಡ್ ಜರುಗಿಸಿದರೆ ಡೆಕ್‌ನ ಆಯುಷ್ಯವೇ ಕುಗ್ಗಬಹುದು.

ವೇಗಕ್ಕಾಗಿ ಹೆಚ್ಚು ಹಣ ಸುರಿಯಬೇಡಿ. ಡೆಕ್‌ನ ಸ್ಲಾಟ್ ಪಿಸಿಐಇ ಜೆನ್ 3. ಜೆನ್ 4 ಡ್ರೈವ್ ಹಾಕಿದರೂ ಓಡುತ್ತದೆ, ಆದರೆ ಜೆನ್ 3 ವೇಗದಲ್ಲೇ. ಕಡಿಮೆ ವಿದ್ಯುತ್ ಕುಡಿಯುವ, ಚಿಪ್‌ಗಳು ಒಂದೇ ಬದಿಗಿರುವ ಡ್ರೈವ್ ಒಳ್ಳೆಯದು. ಈ ಅಳತೆಯಲ್ಲಿ 2 ಟಿಬಿವರೆಗಿನವು ಸಿಗುತ್ತವೆ.

ಇಂಥದ್ದೇ ಬೇರೆ ಗೇಮಿಂಗ್ ಸಾಧನ ಇರುವವರು ಅದರ ಅಳತೆಯನ್ನೇ ನೋಡಿಕೊಳ್ಳಿ. ಆಸುಸ್ ರಾಗ್ ಆ್ಯಲೈಗೆ 2230, ರಾಗ್ ಆ್ಯಲೈ ಎಕ್ಸ್‌ಗೆ 2280. ಬಿಚ್ಚುವ ಕ್ರಮವೂ ಅವುಗಳಲ್ಲಿ ಬೇರೆ.

ಕೈಯಲ್ಲಿ ಇರಬೇಕಾದ್ದು

- ಸಣ್ಣ ಪ್ಲಸ್ ಸ್ಕ್ರೂಡ್ರೈವರ್ (ಒಎಲ್‌ಇಡಿ ಪರದೆಯ ಡೆಕ್ ಮಾದರಿಯ ಹಿಂಬದಿಗೆ ಟಾರ್ಕ್ಸ್ ಟಿ6)
- ಗಿಟಾರ್ ಪಿಕ್ ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡ್, ಒಂದು ಚಿಮ್ಮಟ
- 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್
- ಪೆನ್‌ಡ್ರೈವ್ ಜೋಡಿಸಲು ಯುಎಸ್‌ಬಿ-ಸಿ ಹಬ್ ಅಥವಾ ಅಡಾಪ್ಟರ್

ಬಿಚ್ಚುವ ಮೊದಲು

1. ಆಟದ ಪ್ರಗತಿ ಉಳಿಸಿಕೊಳ್ಳಿ. ಸ್ಟೀಮ್ ಕ್ಲೌಡ್ ಸೌಲಭ್ಯವಿರುವ ಆಟಗಳ ಚಿಂತೆ ಇಲ್ಲ. ಸಿಂಕ್ ಆಗಿದೆಯೇ ಎಂದಷ್ಟೇ ನೋಡಿ. ಎಲ್ಲ ಆಟಗಳಿಗೂ ಆ ಸೌಲಭ್ಯವಿಲ್ಲ. ಕಾರ್ಡ್‌ನಲ್ಲಿರುವ ಆಟದ ಸೇವ್ ಕೂಡ ಒಳಗಿನ ಡ್ರೈವ್‌ನಲ್ಲಿ ಇರಬಹುದು. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಸೇವ್ ಕಡತಗಳನ್ನೂ ಸ್ಕ್ರೀನ್‌ಶಾಟ್‌ಗಳನ್ನೂ ಹೊರಗೆ ನಕಲಿಸಿಕೊಳ್ಳಿ.

2. ಪೆನ್‌ಡ್ರೈವ್ ಸಿದ್ಧಮಾಡಿ. ಸ್ಟೀಮ್‌ನ ಸಹಾಯ ಪುಟದಿಂದ ಡೆಕ್‌ನ ಕಾರ್ಯಾಚರಣ ವ್ಯವಸ್ಥೆಯಾದ ಸ್ಟೀಮ್‌ಓಎಸ್‌ನ ರಿಕವರಿ ಇಮೇಜ್ ಇಳಿಸಿಕೊಂಡು, ವಿಂಡೋಸ್‌ನಲ್ಲಾದರೆ ರುಫಸ್, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಾದರೆ ಬಲೇನಾ ಎಚರ್ ಬಳಸಿ ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

3. ಬ್ಯಾಟರಿಯನ್ನು ಶೇ 25ಕ್ಕಿಂತ ಕೆಳಗಿಳಿಸಿ. ಚಾರ್ಜ್ ತುಂಬಿದ ಲಿಥಿಯಂ ಬ್ಯಾಟರಿಗೆ ಆಕಸ್ಮಿಕವಾಗಿ ಏಟು ಬಿದ್ದರೆ ಬೆಂಕಿಯ ಅಪಾಯ ಹೆಚ್ಚು.

4. ಬ್ಯಾಟರಿ ಸ್ಟೋರೇಜ್ ಮೋಡ್ ಹಾಕಿ. ಡೆಕ್ ಆಫ್ ಮಾಡಿ, ವಾಲ್ಯೂಮ್ ಹೆಚ್ಚಿಸುವ ಗುಂಡಿಯನ್ನು ಒತ್ತಿಹಿಡಿದು ಪವರ್ ಗುಂಡಿ ಒತ್ತಿ. ಸೆಟಪ್ ಯುಟಿಲಿಟಿಯ ಪವರ್ ವಿಭಾಗದಲ್ಲಿ ಈ ಆಯ್ಕೆ ಇದೆ. ಇದಾದ ಮೇಲೆ ಚಾರ್ಜರ್ ಚುಚ್ಚುವವರೆಗೂ ಡೆಕ್ ಎಚ್ಚರಗೊಳ್ಳುವುದಿಲ್ಲ.

5. ಮೈಕ್ರೊ ಎಸ್‌ಡಿ ಕಾರ್ಡ್ ಹೊರತೆಗೆಯಿರಿ. ಇದನ್ನು ಮರೆತರೆ ಹಿಂಬದಿಯ ಮುಚ್ಚಳ ಎತ್ತುವಾಗ ಕಾರ್ಡ್ ಎರಡು ತುಂಡಾಗುತ್ತದೆ.

ಬಿಚ್ಚಿ ಬದಲಿಸುವುದು

ಮುಂದಿನ ಹಂತಗಳು ಎಲ್‌ಸಿಡಿ ಪರದೆಯ ಮಾದರಿಯವು. ಒಎಲ್‌ಇಡಿಯಲ್ಲಿ ಒಳಗಿನ ಜೋಡಣೆ ಸ್ವಲ್ಪ ಭಿನ್ನ.

1. ಮೆತ್ತನೆಯ ಬಟ್ಟೆಯ ಮೇಲೆ ಪರದೆ ಕೆಳಮುಖವಾಗಿ ಇರಿಸಿ. ಹಿಂಬದಿಯ ಎಂಟು ಸ್ಕ್ರೂ ತೆಗೆಯಿರಿ. ಇವು ಎರಡು ಉದ್ದಗಳಲ್ಲಿವೆ. ಕಾಗದದ ಮೇಲೆ ಡೆಕ್‌ನ ಚಿತ್ರ ಗೀಚಿ, ತೆಗೆದದ್ದನ್ನು ಆಯಾ ಜಾಗದಲ್ಲೇ ಇಟ್ಟುಕೊಂಡರೆ ಗೊಂದಲವಿಲ್ಲ.

2. ಮೇಲಂಚಿನಲ್ಲಿ, ಟ್ರಿಗರ್ ಗುಂಡಿಗಳ ಬಳಿ ಪಿಕ್ ತೂರಿಸಿ ನಿಧಾನವಾಗಿ ಮೀಟಿ. 'ಚಟ್' ಎಂಬ ಸದ್ದಿಗೆ ಬೆದರಬೇಡಿ, ಅದು ಪ್ಲಾಸ್ಟಿಕ್ ಕೊಂಡಿ ಬಿಡುವ ಸದ್ದು.

3. ಒಳಗೆ ಕಾಣುವ ಲೋಹದ ತಗಡಿಗೆ ಮೂರು ಸ್ಕ್ರೂಗಳಿವೆ. ಒಂದು ಬೆಳ್ಳಿಬಣ್ಣದ ಪಟ್ಟಿಯ ಕೆಳಗೆ ಅಡಗಿರುತ್ತದೆ. ಪಟ್ಟಿಯನ್ನು ಹರಿಯದಂತೆ ಎತ್ತಿ. ತಗಡು ಬರದಿದ್ದರೆ ಬಲ ಹಾಕುವ ಬದಲು ಈ ಸ್ಕ್ರೂ ಹುಡುಕಿ.

4. ಬ್ಯಾಟರಿಯ ಕನೆಕ್ಟರ್ ಕಳಚಿ. ಅದರ ಪಟ್ಟಿಯನ್ನು ಹಿಡಿದು ಎಳೆಯಬೇಕು, ತಂತಿಯನ್ನಲ್ಲ. ಸ್ಟೋರೇಜ್ ಮೋಡ್ ಹಾಕಿದ್ದೇವೆಂದು ಈ ಹಂತ ಬಿಡಬೇಡಿ.

5. ಎಸ್‌ಎಸ್‌ಡಿಯನ್ನು ಹಿಡಿದಿರುವ ಒಂದೇ ಸ್ಕ್ರೂ ತೆಗೆದರೆ ಅದು ಓರೆಯಾಗಿ ಮೇಲೇಳುತ್ತದೆ. ಅಂಚು ಹಿಡಿದು ಎಳೆಯಿರಿ.

6. ಹಳೆಯದಕ್ಕೆ ಸುತ್ತಿರುವ ಲೋಹದ ಕವಚವನ್ನು ಜಾರಿಸಿ ತೆಗೆದು ಹೊಸದಕ್ಕೆ ತೊಡಿಸಿ. ಡ್ರೈವ್‌ನಿಂದ ಹೊಮ್ಮುವ ವಿದ್ಯುತ್ಕಾಂತೀಯ ತೊಡಕನ್ನು ಅದು ತಡೆಯುತ್ತದೆ.

7. ಹೊಸ ಡ್ರೈವನ್ನು ಓರೆಯಾಗಿ ಪೂರ್ತಿ ತೂರಿಸಿ, ಒತ್ತಿ, ಸ್ಕ್ರೂ ಹಾಕಿ. ಬಂದ ದಾರಿಯಲ್ಲೇ ಹಿಂದಿರುಗಿ: ಬ್ಯಾಟರಿ, ತಗಡು, ಪಟ್ಟಿ, ಮುಚ್ಚಳ. ಎಲ್‌ಸಿಡಿ ಮಾದರಿಯಲ್ಲಿ ಹಿಂಬದಿಯ ಸ್ಕ್ರೂಗಳು ನೇರ ಪ್ಲಾಸ್ಟಿಕ್‌ಗೇ ಕಚ್ಚುವುದರಿಂದ ಹೆಚ್ಚು ಬಿಗಿದರೆ ಮರೆ (ಥ್ರೆಡ್) ಸವೆದುಹೋಗುತ್ತದೆ.

ಸ್ಟೀಮ್‌ಓಎಸ್ ತುಂಬುವುದು

ಮೊದಲು ಚಾರ್ಜರ್ ಜೋಡಿಸಿ. ಇಲ್ಲದಿದ್ದರೆ ಡೆಕ್ ಏಳದು. ಅದು ತಾನಾಗಿ ಆನ್ ಆದರೆ ಪವರ್ ಗುಂಡಿಯನ್ನು ಒತ್ತಿಹಿಡಿದು ಆಫ್ ಮಾಡಿ. ಪೆನ್‌ಡ್ರೈವ್ ಸಿಕ್ಕಿಸಿ, ವಾಲ್ಯೂಮ್ ತಗ್ಗಿಸುವ ಗುಂಡಿಯನ್ನು ಹಿಡಿದು ಪವರ್ ಒತ್ತಿ. ಸದ್ದು ಕೇಳಿದಾಗ ಗುಂಡಿ ಬಿಡಿ. ಬೂಟ್ ಮ್ಯಾನೇಜರ್‌ನಲ್ಲಿ 'ಇಎಫ್‌ಐ ಯುಎಸ್‌ಬಿ ಡಿವೈಸ್' ಆರಿಸಿ. ಡೆಸ್ಕ್‌ಟಾಪ್ ಬರಲು ಕೆಲವು ನಿಮಿಷ ಹಿಡಿಯಬಹುದು, ನಡುವೆ ಆಫ್ ಮಾಡಬೇಡಿ. ಅಲ್ಲಿ 'ರೀಇಮೇಜ್ ಸ್ಟೀಮ್ ಡೆಕ್' ಒತ್ತಿ ಒಪ್ಪಿಗೆ ಕೊಟ್ಟರೆ ಉಳಿದದ್ದು ತಾನೇ ನಡೆಯುತ್ತದೆ. ನಂತರ ವೈ-ಫೈ ಜೋಡಿಸಿ, ಖಾತೆಗೆ ಲಾಗಿನ್ ಆಗಿ. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಹೊಸ ಜಾಗ ಕಾಣಬೇಕು.

ಬೂಟ್ ಆದರೂ ಡ್ರೈವ್ ಕಾಣದಿದ್ದರೆ ಅದು ಸ್ಲಾಟ್‌ನಲ್ಲಿ ಪೂರ್ತಿ ಕೂತಿರಲಿಕ್ಕಿಲ್ಲ. ಚಾರ್ಜರ್ ಹಾಕಿದರೂ ಜೀವ ಬಾರದಿದ್ದರೆ ಬ್ಯಾಟರಿ ಕನೆಕ್ಟರ್ ನೋಡಿ.

ಬಿಚ್ಚಲೇಬೇಕೆ?

ವಾಲ್ವ್ ಡೆಕ್ ಅನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ. ಇಲ್ಲಿರುವವು ವಿದೇಶದಿಂದ ತಂದವು ಅಥವಾ ಆಮದು ಅಂಗಡಿಯವು. ಏನಾದರೂ ಮುರಿದರೆ ಹತ್ತಿರದಲ್ಲಿ ಕಂಪನಿಯ ಸೇವಾ ಕೇಂದ್ರವಿಲ್ಲ. ಬಿಚ್ಚುವಾಗ ಆದ ಹಾನಿಗೆ ವಾರಂಟಿಯೂ ಇಲ್ಲ. 512 ಜಿಬಿ ಮಾದರಿ ಇದ್ದು, ಆಡುವುದು ಹೆಚ್ಚಾಗಿ ಚಿಕ್ಕ ಆಟಗಳನ್ನಾದರೆ ಒಳ್ಳೆಯ ಮೆಮೊರಿ ಕಾರ್ಡ್ ಸಾಕು. 64 ಜಿಬಿಯವರಿಗೆ ಮಾತ್ರ ಈ ಬದಲಾವಣೆ ನಿಜಕ್ಕೂ ಸಾರ್ಥಕ. ಜಾಗದ ಜೊತೆಗೆ ಆ ಮಾದರಿಯಲ್ಲಿರುವ ನಿಧಾನಗತಿಯ ಇಎಂಎಂಸಿ ಸಂಗ್ರಹ ಹೋಗಿ ಎನ್‌ವಿಎಂಇ ಬರುತ್ತದೆ.

ಹಳೆಯ ಡ್ರೈವನ್ನು ಕೂಡಲೇ ಮಾರಬೇಡಿ, ಅಳಿಸಲೂಬೇಡಿ. ನಿಮ್ಮ ಎಲ್ಲ ಆಟಗಳನ್ನೂ ಒಮ್ಮೆ ತೆರೆದು, ಸೇವ್‌ಗಳು ಬಂದಿವೆಯೇ ನೋಡಿಕೊಳ್ಳಿ. ಏನಾದರೂ ಉಳಿದುಹೋಗಿದ್ದರೆ ಎನ್‌ವಿಎಂಇ ಡ್ರೈವನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಓದಬಹುದು. 64 ಜಿಬಿಯ ಇಎಂಎಂಸಿ ಆ ಕೇಸ್‌ನಲ್ಲಿ ಓದಲು ಬಾರದು. ಅದಕ್ಕಾಗಿ ಡೆಕ್ ಅನ್ನೇ ಮತ್ತೆ ಬಿಚ್ಚಬೇಕು. ಹಾಗಾಗಿ 64 ಜಿಬಿಯವರು ಸೇವ್ ನಕಲಿಸುವ ಮೊದಲ ಹಂತವನ್ನು ಎರಡು ಸಲ ಪರೀಕ್ಷಿಸಿಯೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಲಿ.